ಐದು ಗಂಟೆ ಪಳಗಿದ ಎಂಜಿನ್

ಮೆಕ್ಯಾನಿಕನ ಹೆಂಡತಿ ಎಣ್ಣೆ ನೋಡುವ ಕಡ್ಡಿಯನ್ನು ಎಂಜಿನ್ನಿನಿಂದ ಎಳೆದು ಬಿಳಿ ಬಟ್ಟೆಯ ಮೇಲೆ ಒಂದೇ ಸಲ ಒರೆಸಿದಳು. ಆಮೇಲೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು, ತಾನು ನೋಡುವ ಮೊದಲು ಇನ್ಸ್‌ಪೆಕ್ಟರಿಗೆ ತೋರಿಸಿದಳು.

“ಇದು ಜೇನುತುಪ್ಪದ ಬಣ್ಣ ಇರಬೇಕಿತ್ತು ಮೇಡಂ.”

ಬಟ್ಟೆಯ ಮೇಲಿದ್ದದ್ದು ಬೂದಿ ಕಲಸಿದ ನೀರಿನ ಬಣ್ಣ. ಬಟ್ಟೆಯನ್ನು ಓರೆ ಮಾಡಿದಾಗ ಮಾತ್ರ ಅದರೊಳಗೆ ಬೆಳ್ಳಿಯ ಪುಡಿಯಂಥ ನಾಲ್ಕಾರು ಚುಕ್ಕೆಗಳು ಮಿನುಗಿದವು.

ಇನ್ಸ್‌ಪೆಕ್ಟರ್ ಬಟ್ಟೆಯ ಹತ್ತಿರ ಬಗ್ಗಿ ನೋಡಿದಳು. ಈ ಹೆಂಗಸಿಗೆ ಸುಳ್ಳು ಹೇಳಲು ಬೇಕಾದಷ್ಟು ಕಾರಣವಿತ್ತು. ಮಂಗಳವಾರ ಮಧ್ಯಾಹ್ನ ಕರೆಂಟು ಹೋದಾಗ, ತಾನಾಗಿಯೇ ಶುರುವಾಗಬೇಕಿದ್ದ ಹೊಸ ಜನರೇಟರು ಚಾಲೂ ಆಗಲಿಲ್ಲ, ಆಕ್ಸಿಜನ್ ಯಂತ್ರ ನಿಂತು ಈ ಮನೆಯ ಹಿರಿಯಕ್ಕ ಹಾಸಿಗೆಯಲ್ಲೇ ಸತ್ತಳು ಎಂಬ ದೂರಿನ ಮೇಲೆ ಇವಳ ಗಂಡ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ. ಇವತ್ತು ನಾಲ್ಕು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಈಗ ಹನ್ನೊಂದೂವರೆ.

ಹಿತ್ತಿಲಿನ ಸಿಮೆಂಟು ಕಟ್ಟೆಯ ಮೇಲೆ ಜನರೇಟರು ಮೈಮೇಲೆ ಒಂದು ಗೀರೂ ಇಲ್ಲದೆ ಕೂತಿತ್ತು. ಅದರ ಬೆನ್ನಿಗೆ ಸತ್ತವಳ ಕೋಣೆಯ ಕಿಟಕಿ. ಕಿಟಕಿಯ ಪರದೆಯನ್ನು ಯಾರೋ ಪಿನ್ನು ಹಾಕಿ ಮುಚ್ಚಿದ್ದರು.

“ಇದರಿಂದ ಏನು ಗೊತ್ತಾಗುತ್ತೆ?” ಇನ್ಸ್‌ಪೆಕ್ಟರ್ ಕೇಳಿದಳು.

ಮೆಕ್ಯಾನಿಕನ ಹೆಂಡತಿ ಆತುರಪಡಲಿಲ್ಲ. ಹದಿನಾಲ್ಕು ವರ್ಷದಿಂದ ಗಂಡನ ವರ್ಕ್‌ಶಾಪಿನ ಮುಂಬಾಗಿಲಲ್ಲಿ ಕೂತು, ಬಂದ ಎಂಜಿನ್ನುಗಳ ಹಣೆಬರಹವನ್ನೆಲ್ಲ ಎಣ್ಣೆಯಲ್ಲೇ ಓದಿದವಳು. ಹೊಸ ಎಂಜಿನ್ನಿನ ಒಳಗಿನ ಭಾಗಗಳು ಕಣ್ಣಿಗೆ ನುಣ್ಣಗೆ ಕಂಡರೂ ನಿಜವಾಗಿ ಒರಟು ಎಂದು ಹೇಳಿದಳು. ಮೊದಲ ಕೆಲವು ಗಂಟೆ ಅವು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುತ್ತವೆ. ಉಜ್ಜಿ ಬಿದ್ದ ಲೋಹದ ಪುಡಿ ಎಣ್ಣೆಗೆ ಸೇರುತ್ತದೆ. ಅದಕ್ಕೇ ತಂದ ದಿನವೇ ಹೊಸ ಎಂಜಿನ್ನಿನ ಮೇಲೆ ಪೂರ್ತಿ ಭಾರ ಹೇರಬಾರದು. ಅರ್ಧ ಗಂಟೆ ಬರಿದೇ ಓಡಿಸಬೇಕು, ಆಮೇಲೆ ಸ್ವಲ್ಪ ಭಾರ, ಇನ್ನಷ್ಟು ಭಾರ, ಮತ್ತೆ ಇಳಿಸಬೇಕು, ಮತ್ತೆ ಏರಿಸಬೇಕು. ಇದಕ್ಕೆ ಪಳಗಿಸುವುದು ಅನ್ನುತ್ತಾರೆ.

“ಹೊಸ ಸಂಸಾರ ಇದ್ದ ಹಾಗೆ ಮೇಡಂ. ಮೊದಮೊದಲು ಉಜ್ಜಾಟ ಜಾಸ್ತಿ.”

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್, ತನ್ನದು ಇಪ್ಪತ್ತೆರಡು ವರ್ಷದ ಸಂಸಾರ, ಇನ್ನೂ ಉಜ್ಜುತ್ತಲೇ ಇದೆ ಎಂದು ಗೊಣಗಿದ.

“ಹಾಗಾದ್ರೆ ನೀವು ಎಣ್ಣೆ ಬದಲಾಯಿಸಿಲ್ಲ ಅಂತ ಕಾಣುತ್ತೆ,” ಅಂದಳು ಅವಳು, ಮುಖದಲ್ಲಿ ನಗುವಿಲ್ಲದೆ.

ಅದೇ ಅವಳು ಹೇಳಬೇಕಾಗಿದ್ದ ವಿಷಯ. ಗಂಡ ಸೋಮವಾರ ಐದು ಗಂಟೆ ಈ ಎಂಜಿನ್ನನ್ನು ಪಳಗಿಸಿ, ಅದು ಬಿಸಿಯಾಗಿರುವಾಗಲೇ ಹಳೆಯ ಎಣ್ಣೆಯನ್ನು ಬಸಿದು, ಸೀಲು ಒಡೆದ ಹೊಸ ಎಣ್ಣೆ ತುಂಬಿ ಬಂದಿದ್ದ. ಬಸಿದದ್ದನ್ನು ಡಬ್ಬದಲ್ಲಿ ವರ್ಕ್‌ಶಾಪಿಗೆ ತಂದಿದ್ದ. ಆ ಡಬ್ಬ ಈಗ ಅವಳ ಕಾಲ ಬಳಿಯಲ್ಲಿತ್ತು. ಅವಳು ಅದೇ ಬಟ್ಟೆಯ ಇನ್ನೊಂದು ತುದಿಗೆ ಅದರಿಂದ ಒಂದು ಹನಿ ಹಾಕಿದಳು. ದಟ್ಟ ಕಪ್ಪು, ಹೊಳಪು ಮರಳಿನಂತೆ ತುಂಬಿತ್ತು. ಮೂರನೆಯ ತುದಿಗೆ ಅಂಗಡಿಯಿಂದ ತಂದ ಹೊಸ ಎಣ್ಣೆ. ಅದು ಜೇನು.

“ಸೋಮವಾರದ ಮೇಲೆ ಈ ಎಂಜಿನ್ ಓಡೇ ಇಲ್ಲ ಅಂದ್ರೆ ಇದರ ಹೊಟ್ಟೇಲಿ ಜೇನೇ ಇರಬೇಕು. ಒಂದೆರಡು ಗಂಟೆ ಓಡಿದೆ ಮೇಡಂ ಇದು.”

ಡಬ್ಬಕ್ಕೆ ಯಾವ ಎಂಜಿನ್ನಿನ ಎಣ್ಣೆಯನ್ನಾದರೂ ತುಂಬಬಹುದು ಎಂದು ಇನ್ಸ್‌ಪೆಕ್ಟರ್ ಯೋಚಿಸಿದಳು. ಮೂರನ್ನೂ ಬೇರೆ ಬೇರೆ ಶೀಶೆಗೆ ಹಾಕಿ ಸೀಲು ಮಾಡುವಂತೆ ಹೆಡ್ ಕಾನ್ಸ್‌ಟೇಬಲನಿಗೆ ಹೇಳಿದಳು. ಮೆಕ್ಯಾನಿಕನ ಹೆಂಡತಿಗೆ ಬೇಸರವಾದಂತೆ ಕಾಣಲಿಲ್ಲ. ನಂಬಿಕೆ ಕೇಳಲು ಅವಳು ಬಂದಿರಲಿಲ್ಲ.

ಆದರೆ ಒಂದು ಕಡೆ ಲೆಕ್ಕ ತಪ್ಪುತ್ತಿತ್ತು. ಈ ಸಣ್ಣ ಜನರೇಟರಿಗೆ ಗಂಟೆ ತೋರಿಸುವ ಮೀಟರು ಇರಲಿಲ್ಲ. ಓಡಿದೆಯೋ ಇಲ್ಲವೋ ಎಂದು ತಿಳಿಯಲು ಮಂಗಳವಾರ ಸಂಜೆ ಇನ್ಸ್‌ಪೆಕ್ಟರ್ ತಾನೇ ಟ್ಯಾಂಕು ತೆಗೆಸಿ ನೋಡಿದ್ದಳು. ಡೀಸೆಲ್ ಕತ್ತಿನವರೆಗೆ ಇತ್ತು. ಮೆಕ್ಯಾನಿಕ್ ಕೂಡ ಕತ್ತಿನವರೆಗೆ ತುಂಬಿ ಬಂದಿದ್ದೆ ಎಂದೇ ಹೇಳಿದ್ದ. ‘ಓಡಿಲ್ಲ’ ಎಂದು ಅವಳೇ ತನ್ನ ಕೈಯಾರೆ ಬರೆದಿದ್ದಳು. ಆ ಒಂದು ಶಬ್ದದ ಮೇಲೆ ಅವನು ಒಳಗಿದ್ದ.

“ಮತ್ತೆ ಡೀಸೆಲ್ ಯಾಕೆ ಇಳಿದಿಲ್ಲ?”

ಮೆಕ್ಯಾನಿಕನ ಹೆಂಡತಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಬಾಯಿಯಲ್ಲಿದ್ದ ಜರಡಿಯನ್ನು ಎತ್ತಿ ನೋಡಿ, ಕೊಳಕು ಮಗುವನ್ನು ನೋಡಿದವಳಂತೆ ಮುಖ ಸಿಂಡರಿಸಿದಳು. ಜರಡಿಯ ಅಂಚಿಗೆ ಹಳದಿ ಪುಡಿ ನಾಲ್ಕೈದು ಕಣ ಅಂಟಿಕೊಂಡಿತ್ತು. ಹೊಸ ಟ್ಯಾಂಕಿಗೆ ಇಂಥದ್ದು ಬೀಳಲು ಬಿಟ್ಟರೆ ತನ್ನ ಗಂಡ ಎರಡು ದಿನ ಊಟ ಬಿಡುತ್ತಾನೆ ಎಂದಳು.

ಇನ್ಸ್‌ಪೆಕ್ಟರ್ ಒಂದು ಕಣವನ್ನು ಬೆರಳ ತುದಿಗೆ ತೆಗೆದುಕೊಂಡಳು. ಮರದ ಹೊಟ್ಟು.

ಈ ಮನೆಯಲ್ಲಿ ಬಡಗಿ ಕೆಲಸ ನಡೆದಿರಲಿಲ್ಲ. ಆದರೆ ಮರದ ಹೊಟ್ಟಿನಲ್ಲಿ ಮಂಜುಗಡ್ಡೆ ಸುತ್ತಿ ಸಾಗಿಸುವವನೊಬ್ಬ ಈ ಮನೆಯಲ್ಲಿದ್ದ. ಸತ್ತವಳ ತಮ್ಮ. ಐಸ್ ಫ್ಯಾಕ್ಟರಿಯ ಯಜಮಾನ. ದೂರು ಕೊಟ್ಟವನೂ ಅವನೇ.

ಅವನನ್ನು ಕರೆಸುವ ಮೊದಲು ಇನ್ಸ್‌ಪೆಕ್ಟರ್ ಇನ್ನೊಂದು ಪ್ರಶ್ನೆ ಕೇಳಿದಳು. ಭಾರ ಏರಿಸುವುದು ಇಳಿಸುವುದು ಅಂದರೆ ಯಾವುದರಿಂದ?

ಮನೆಯಿಂದಲೇ, ಅಂದಳು ಅವಳು. ಗೋಡೆಯ ಮೇಲಿದ್ದ ಬೂದು ಪೆಟ್ಟಿಗೆ ತೆರೆದು ತೋರಿಸಿದಳು. ಒಳಗೆ ಎಂಟು ಸ್ವಿಚ್ಚು, ಕೋಣೆಗೊಂದರಂತೆ. ಸ್ವಿಚ್ಚು ಮೇಲಿದ್ದರೆ ಆ ಕೋಣೆಗೆ ಜನರೇಟರಿನ ಕರೆಂಟು ಹೋಗುತ್ತದೆ. ಕೆಳಗಿದ್ದರೆ ಬೀದಿಯ ಕರೆಂಟು ಮಾತ್ರ. ಒಂದೊಂದಾಗಿ ಏರಿಸುತ್ತ ಹೋದರೆ ಭಾರ ತಾನೇ ಏರುತ್ತದೆ. ಮೊದಲು ಫ್ಯಾನು, ದೀಪ. ಆಮೇಲೆ ಫ್ರಿಜ್ಜು. ಆಮೇಲೆ ನೀರಿನ ಪಂಪು, ಇಸ್ತ್ರಿ ಪೆಟ್ಟಿಗೆ.

“ಏಳನೇದು ಅಕ್ಕೋರ ರೂಮಿಂದು. ಅದನ್ನ ಮಾತ್ರ ನಮ್ಮನೆಯವ್ರು ಕೆಳಗೇ ಇಟ್ಟಿರ್ತಾರೆ.” ಅವಳ ದನಿಯಲ್ಲಿ ಹೆಮ್ಮೆ ಇತ್ತು. “ಪಳಗದ ಎಂಜಿನ್ ಮೇಲೆ ಒಬ್ಬರ ಉಸಿರು ಇಡಬಾರದು ಅಂತ. ಅಷ್ಟು ಹುಷಾರಿನ ಮನುಷ್ಯ ಮೇಡಂ.”

ಇನ್ಸ್‌ಪೆಕ್ಟರ್ ಪೆಟ್ಟಿಗೆಯನ್ನೇ ನೋಡಿದಳು. ಎಂಟೂ ಸ್ವಿಚ್ಚು ಮೇಲಿದ್ದವು.

“ಕೆಲಸ ಮುಗಿದ ಮೇಲೆ ಏರಿಸ್ತಾರಾ?”

“ಏರಿಸ್ತಾರೆ.”

ಉತ್ತರ ಸ್ವಲ್ಪ ಬೇಗ ಬಂತು. ಇನ್ಸ್‌ಪೆಕ್ಟರಿಗೆ ಲಾಕಪ್ಪಿನ ಮಾತು ನೆನಪಾಯಿತು. ಎಂಜಿನ್ನಿನ ಬಗ್ಗೆ ಏನು ಕೇಳಿದರೂ ಮೆಕ್ಯಾನಿಕ್ ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಿದ್ದ. ‘ಎಲ್ಲ ಮುಗಿಸಿಯೇ ಹೊರಟೆಯಾ?’ ಎಂದು ಕೇಳಿದಾಗ ಮಾತ್ರ ಅವನು ನೆಲ ನೋಡಿದ್ದ. ಮಾತು ಸುಳ್ಳಾಗಬಹುದು. ಮೌನ ಸುಳ್ಳಾಗುವುದು ಬಹಳ ಅಪರೂಪ ಎಂಬುದು ಅವಳ ಅನುಭವ. ಅದು ಏನನ್ನೋ ಕಾಯುತ್ತಿರುತ್ತದೆ. ಏನನ್ನು ಎಂಬುದಷ್ಟೇ ಗೊತ್ತಾಗಬೇಕು.

ಸತ್ತವಳ ತಮ್ಮ ಹಿತ್ತಿಲಿಗೆ ಬಂದ. ಐವತ್ತರ ಆಸುಪಾಸಿನ ಗಟ್ಟಿ ಆಳು, ಶೇವ್ ಮಾಡಿಕೊಳ್ಳದ ಮುಖ. ಮೆಕ್ಯಾನಿಕನ ಹೆಂಡತಿಯನ್ನು ಕಂಡು ಅವನ ಹುಬ್ಬು ಗಂಟಾಯಿತು. ಇವಳು ಇಲ್ಲಿ ಏನು ಮಾಡುತ್ತಿದ್ದಾಳೆ ಎಂದು ಇನ್ಸ್‌ಪೆಕ್ಟರನ್ನು ಕೇಳಿದ. ಎಣ್ಣೆ ತೋರಿಸುತ್ತಿದ್ದಾಳೆ ಎಂದಳು ಇನ್ಸ್‌ಪೆಕ್ಟರ್.

ಅವನ ಹಿಂದೆ, ಅಡಿಗೆಮನೆಯ ಹೊಸ್ತಿಲಲ್ಲಿ, ಅವನ ತಂಗಿ ಬಂದು ನಿಂತಳು. ಮೂವರಲ್ಲಿ ಕಿರಿಯವಳು, ಒಂಬತ್ತು ವರ್ಷ ಅಕ್ಕನ ಹಾಸಿಗೆಯ ಪಕ್ಕ ಕಳೆದವಳು. ಮಂಗಳವಾರ ಹನ್ನೊಂದೂವರೆಗೆ ಅಕ್ಕನ ರಕ್ತಪರೀಕ್ಷೆಯ ರಿಪೋರ್ಟು ತರಲು ಹೋಗಿದ್ದಳು. ಹನ್ನೆರಡರಿಂದ ಮೂರರವರೆಗೆ ಕರೆಂಟು ಇರುವುದಿಲ್ಲ ಎಂದು ಪೇಪರಿನಲ್ಲಿ ಬಂದಿದ್ದರೂ ಹೋಗಿದ್ದಳು. ಜನರೇಟರು ಬಂದಿದೆಯಲ್ಲ ಎಂಬ ಧೈರ್ಯ. ಎರಡೂವರೆಗೆ ವಾಪಸು ಬಂದಾಗ ಅಣ್ಣ ಬಾಗಿಲಲ್ಲಿ ನಿಂತಿದ್ದ.

ಇನ್ಸ್‌ಪೆಕ್ಟರ್ ತಮ್ಮನ ಫ್ಯಾಕ್ಟರಿಯ ಬಗ್ಗೆ ಕೇಳಿದಳು. ಅಲ್ಲಿಯ ಡೀಸೆಲ್ ಎಂಜಿನ್ ಎಷ್ಟು ಹಳೆಯದು, ಯಾರು ನೋಡಿಕೊಳ್ಳುತ್ತಾರೆ. ಅಪ್ಪನ ಕಾಲದ್ದು, ತಾನೇ ನೋಡಿಕೊಳ್ಳುತ್ತೇನೆ ಎಂದ. ಮೂವತ್ತು ವರ್ಷದಲ್ಲಿ ಅದರ ಡೀಸೆಲ್ ಅಳತೆ ಒಂದು ದಿನವೂ ತಪ್ಪಿಲ್ಲ ಎಂದು ಸೇರಿಸಿದ.

“ಮತ್ತೆ ಎಣ್ಣೆ?”

“ಎಣ್ಣೆ ಕಪ್ಪಗಿರುತ್ತೆ. ಎಣ್ಣೆ ಯಾವಾಗ್ಲೂ ಕಪ್ಪೇ ಅಲ್ವಾ.”

ಮೆಕ್ಯಾನಿಕನ ಹೆಂಡತಿ ತಲೆ ತಗ್ಗಿಸಿದಳು. ಹಳೆಯ ಎಂಜಿನ್ನಿನ ಜೊತೆ ಬಾಳಿದವನ ಮಾತು ಅದು. ಟ್ಯಾಂಕನ್ನು ಮತ್ತೆ ಕತ್ತಿನವರೆಗೆ ತುಂಬಬೇಕು ಎಂದು ಹೊಳೆದವನಿಗೆ, ಹೊಸ ಎಂಜಿನ್ ತನ್ನ ಮೊದಲ ಗಂಟೆಗಳನ್ನು ಎಣ್ಣೆಯಲ್ಲಿ ಬರೆದಿಡುತ್ತದೆ ಎಂಬುದು ಹೊಳೆಯಲು ಸಾಧ್ಯವೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಬಟ್ಟೆಯನ್ನು ಅವನ ಮುಂದೆ ಬಿಡಿಸಿ ಮೂರು ಕಲೆಗಳನ್ನೂ ವಿವರಿಸಿದಳು. ಆಮೇಲೆ ಬೆರಳ ತುದಿಯ ಹೊಟ್ಟನ್ನು ತೋರಿಸಿ, ಅದು ಎಲ್ಲಿತ್ತು ಎಂದು ಹೇಳಿದಳು.

ಅವನು ಹೊಟ್ಟನ್ನು ಬಹಳ ಹೊತ್ತು ನೋಡಿದ. ತನ್ನ ಅಂಗಿಯ ತೋಳನ್ನೂ ನೋಡಿಕೊಂಡ.

“ಈ ಬೀದೀಲಿ ಆವತ್ತು ಎಲ್ಲ ಮನೆ ಜನರೇಟರೂ ಓಡ್ತಿತ್ತು,” ಇನ್ಸ್‌ಪೆಕ್ಟರ್ ಅಂದಳು. “ಯಾರದ್ದು ಓಡ್ತಿತ್ತು, ಯಾರದ್ದು ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ನೀವು ಹೇಳಬಹುದು.”

“ಓಡ್ತಿತ್ತು,” ಅಂದ ತಮ್ಮ.

ಹೊಸ್ತಿಲಲ್ಲಿ ನಿಂತಿದ್ದವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ಆಮೇಲೆ ಅವನು ತಡವರಿಸದೆ ಹೇಳಿದ. ತಾನು ಎರಡು ಗಂಟೆಗೆ ಬಂದಾಗ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು, ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅಕ್ಕನ ಕೋಣೆ ಮಾತ್ರ ಕತ್ತಲು. ಯಂತ್ರ ನಿಂತಿತ್ತು, ಅದರ ಎಚ್ಚರಿಕೆಯ ಪೀಂಪೀಂ ಜನರೇಟರಿನ ಸದ್ದಿನಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ. ಅಕ್ಕನ ಕೈ ತಣ್ಣಗಾಗಿತ್ತು. ಹಿತ್ತಿಲಿಗೆ ಓಡಿ ಪೆಟ್ಟಿಗೆ ತೆರೆದಾಗ ಏಳು ಸ್ವಿಚ್ಚು ಮೇಲೆ. ಒಂದು ಕೆಳಗೆ.

“ಯಾವುದು?”

“ಏಳನೇದು.”

ಅದನ್ನು ಮೇಲಕ್ಕೆ ಹಾಕಿ, ಜನರೇಟರು ನಿಲ್ಲಿಸಿ, ವ್ಯಾನಿನಲ್ಲಿದ್ದ ಕ್ಯಾನಿನಿಂದ ಡೀಸೆಲ್ ಸುರಿದು, ಪೊಲೀಸರಿಗೆ ಫೋನು ಮಾಡಿದ್ದಾಗಿ ಅವನು ಹೇಳಿದ. ಯಾಕೆ ಎಂದು ಕೇಳಿದಾಗ ಅವನು ತಿರುಗಿ ನೋಡಲಿಲ್ಲ, ಆದರೆ ಕುತ್ತಿಗೆ ಅರ್ಧ ತಿರುಗಿತು. ಬೇರೆ ಊರಿನ ಒಂದು ಸ್ಕೂಲಿನಿಂದ ತಂಗಿಗೆ ಹೋದ ತಿಂಗಳು ಕೆಲಸದ ಆರ್ಡರ್ ಬಂದಿತ್ತಂತೆ. ನಾನು ಸತ್ತ ಮೇಲೆ ಹೋಗು ಎಂದು ಅಕ್ಕ ಅಂದಿದ್ದಳಂತೆ. ತಂಗಿ ಆ ಕಾಗದವನ್ನು ಹರಿದೂ ಇರಲಿಲ್ಲ, ಉತ್ತರವನ್ನೂ ಬರೆದಿರಲಿಲ್ಲ.

“ಒಬ್ಬಳನ್ನ ಕಳಕೊಂಡಿದ್ದೆ. ಇನ್ನೊಬ್ಬಳನ್ನೂ ಕಳಕೊಳ್ಳೋದು ಬೇಡ ಅನ್ನಿಸ್ತು.”

ತಂಗಿಯ ಮುಖದಲ್ಲಿ ರಕ್ತವಿರಲಿಲ್ಲ. ಅಣ್ಣ ಅವಳನ್ನು ಕಾಪಾಡಲು ಆಡಿದ ಒಂದೊಂದು ಮಾತೂ ಅವಳನ್ನು ಒಂದೊಂದು ಹೆಜ್ಜೆ ಅನುಮಾನದ ಕಡೆಗೆ ತಳ್ಳುತ್ತಿತ್ತು. ಅದು ಅವನಿಗೆ ತಿಳಿಯದೆ ಆಗುತ್ತಿದೆಯೇ ಎಂದು ಇನ್ಸ್‌ಪೆಕ್ಟರ್ ಯೋಚಿಸಿದಳು.

ಅಷ್ಟರಲ್ಲಿ ಇನ್ನೊಂದು ಕಡೆಯ ಮೌನ ಅವಳ ಗಮನಕ್ಕೆ ಬಂತು. ಮೆಕ್ಯಾನಿಕನ ಹೆಂಡತಿ ಎಣ್ಣೆಯ ಡಬ್ಬವನ್ನು ಎದೆಗೆ ಒತ್ತಿಕೊಂಡಿದ್ದಳು. ಸೀರೆಗೆ ಕಪ್ಪು ಕಲೆ ಹತ್ತುತ್ತಿದ್ದರೂ ಅವಳಿಗೆ ಅರಿವಿರಲಿಲ್ಲ. ಎಂಜಿನ್ ಓಡಿದೆ ಎಂದು ಸಾಬೀತು ಮಾಡಲು ಬಂದವಳು ಅದನ್ನು ಸಾಬೀತು ಮಾಡಿದ್ದಳು. ಈಗ ಅವಳ ಗಂಡನ ಮೇಲೆ ಕೆಟ್ಟ ಎಂಜಿನ್ನಿನ ಆರೋಪವಿರಲಿಲ್ಲ. ತಾನೇ ಕೆಳಗಿಟ್ಟ ಸ್ವಿಚ್ಚನ್ನು ಮರೆತು ಹೋದ ಆರೋಪವಿತ್ತು.

ಇನ್ಸ್‌ಪೆಕ್ಟರ್ ಅವಳ ಹತ್ತಿರ ಹೋದಳು. “ಏರಿಸ್ತಾರೆ ಅಂದ್ರಿ. ಏರಿಸಿದ್ರಾ?”

ಹೌದು ಎಂದರೆ ಯಾರೂ ಇಲ್ಲ ಎನ್ನುವಂತಿರಲಿಲ್ಲ. ಅದನ್ನು ಅವಳೂ ಲೆಕ್ಕ ಹಾಕಿದ್ದು ಇನ್ಸ್‌ಪೆಕ್ಟರಿಗೆ ಕಾಣಿಸಿತು.

“ಇಲ್ಲ,” ಅಂದಳು ಕೊನೆಗೆ. “ಮರೆತು ಬಂದಿದ್ರು.”

ತಮ್ಮನ ಬಾಯಿಂದ ಉಸಿರು ಹೊರಬಿತ್ತು.

“ಸೋಮವಾರ ರಾತ್ರಿ ಊಟಕ್ಕೆ ಕೂತಾಗ ನೆನಪಾಯ್ತು. ಅರ್ಧಕ್ಕೇ ಎದ್ದು, ಎಂಜಲು ಕೈಯಲ್ಲೇ ಈ ಮನೆಗೆ ಫೋನ್ ಮಾಡಿದ್ರು. ನಾನು ಪಕ್ಕದಲ್ಲೇ ಇದ್ದೆ. ಏಳನೇ ಸ್ವಿಚ್ಚು ಕೆಳಗಿದೆ, ಈಗ್ಲೇ ಬಂದು ಹಾಕ್ತೀನಿ ಅಂದ್ರು. ಬರಬೇಡಿ, ತಂಗಿ ಇದಾಳೆ, ಹಾಕಿಸ್ತೀನಿ ಅಂತ ಈ ಕಡೆಯಿಂದ ಹೇಳಿದ್ರಂತೆ.”

“ಯಾರು?”

“ಅಕ್ಕೋರೇ. ಎರಡು ಮಾತಿಗೊಂದು ಸಲ ಉಸಿರು ಎಳಕೊಳ್ತಿದ್ರಂತೆ.” ಅವಳು ಡಬ್ಬವನ್ನು ಕೆಳಗಿಟ್ಟಳು. “ಫೋನ್ ಎತ್ತಿದೋರು ಸತ್ತು ಹೋದ್ರಲ್ಲ ಮೇಡಂ. ಇದನ್ನ ಹೇಳಿದ್ರೆ ಮರೆತದ್ದು ಮಾತ್ರ ನಂಬ್ತಾರೆ, ಫೋನ್ ಮಾಡಿದ್ದು ನಂಬಲ್ಲ ಅಂತ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ವಿ.”

ಹೆಡ್ ಕಾನ್ಸ್‌ಟೇಬಲ್ ಆಗಲೇ ನಂಬರು ಬರೆದುಕೊಂಡಿದ್ದ. ಫೋನಿನ ದಾಖಲೆ ತರಿಸುವುದು ಒಂದು ಗಂಟೆಯ ಕೆಲಸ. ಆದರೆ ದಾಖಲೆಯಲ್ಲಿ ಕರೆ ಇರುತ್ತದೆ, ಮಾತು ಇರುವುದಿಲ್ಲ. ಅಕ್ಕ ಆ ಮಾತನ್ನು ಯಾರಿಗೂ ಹೇಳದಿದ್ದರೆ ಮೆಕ್ಯಾನಿಕನ ಮರೆವು ಮರೆವಾಗಿಯೇ ಉಳಿಯುತ್ತಿತ್ತು.

ಇನ್ಸ್‌ಪೆಕ್ಟರ್ ಯಾರನ್ನೂ ಕೇಳಲಿಲ್ಲ.

ತಂಗಿ ಹೊಸ್ತಿಲಿಳಿದು ಬಿಸಿಲಿಗೆ ಬಂದಳು.

“ಅಕ್ಕ ನನಗೆ ಹೇಳಿದ್ಲು,” ಅಂದಳು. “ಕೂಡ್ಲೇ ಬಂದು ನಾನೇ ಮೇಲಕ್ಕೆ ಹಾಕ್ದೆ. ಹಾಕಿ ಎಂಟನ್ನೂ ಎರಡು ಸಲ ಎಣಿಸ್ದೆ.”

ತಪ್ಪು ಮಾಡಿದವಳಿಗೆ ಈ ಮಾತು ಆಡುವ ಅಗತ್ಯವೇ ಇರಲಿಲ್ಲ. ಸುಮ್ಮನಿದ್ದಿದ್ದರೆ ಎಲ್ಲವೂ ಲಾಕಪ್ಪಿನಲ್ಲಿರುವವನ ಹೆಗಲಿಗೆ ಹೋಗುತ್ತಿತ್ತು. ಅವಳು ಅದನ್ನು ಅವನ ಹೆಗಲಿಂದ ಇಳಿಸಿ, ಮತ್ತೆ ಈ ಮನೆಯೊಳಕ್ಕೇ ತಂದಿದ್ದಳು. ಸೋಮವಾರ ರಾತ್ರಿ ಮೇಲಿದ್ದ ಸ್ವಿಚ್ಚು ಮಂಗಳವಾರ ಕೆಳಗಿತ್ತು. ಕೆಳಗಿತ್ತು ಎಂದು ಹೇಳಿದವನು ಒಬ್ಬನೇ.

ಅವನು ತಂಗಿಯನ್ನು ನೋಡಿದ. “ನೀನು ಸುಮ್ನಿದ್ದಿದ್ರೆ ಆಗ್ತಿತ್ತಲ್ಲೇ,” ಅಂದ, ಮೆಲ್ಲಗೆ.

“ಯಾರಿಗೆ ಆಗ್ತಿತ್ತು ಅಣ್ಣ? ರಿಪೋರ್ಟು ಇವತ್ತೇ ತಗೊಂಡು ಬಾ ಅಂತ ಮಂಗಳವಾರ ಬೆಳಿಗ್ಗೆ ಫೋನ್ ಮಾಡಿ ನನ್ನ ಕಳಿಸಿದ್ದು ನೀನು. ನಾಳೆ ಹೋಗ್ತೀನಿ ಅಂದ್ರೂ ಕೇಳ್ಲಿಲ್ಲ.”

ಇನ್ಸ್‌ಪೆಕ್ಟರ್ ಅವನ ಕೈಗಳನ್ನು ನೋಡುತ್ತಿದ್ದಳು. ಅವು ನಡುಗಲಿಲ್ಲ.

“ನಿನ್ನ ಕಳಿಸು ಅಂದದ್ದು ನಾನಲ್ಲ,” ಅಂದ ಅವನು. “ಬೆಳಿಗ್ಗೆ ಫ್ಯಾಕ್ಟರಿಗೆ ಅಕ್ಕನೇ ಫೋನ್ ಮಾಡಿದ್ಲು. ಹನ್ನೆರಡಕ್ಕೆ ಮೊದಲು ನಿನ್ನನ್ನ ಮನೆಯಿಂದ ಹೊರಗೆ ಕಳಿಸು ಅಂದ್ಲು. ಯಾಕೆ ಅಂತ ಕೇಳಿದ್ದಕ್ಕೆ ಫೋನ್ ಇಟ್ಲು.”

ತಂಗಿ ಕೂತೇಬಿಟ್ಟಳು, ಸಿಮೆಂಟು ಕಟ್ಟೆಯ ಅಂಚಿಗೆ. ಇನ್ಸ್‌ಪೆಕ್ಟರ್ ತನಗರಿವಿಲ್ಲದೆ ಪಿನ್ನು ಹಾಕಿದ ಪರದೆಯ ಕಡೆಗೆ, ಅಲ್ಲಿಂದ ಬೂದು ಪೆಟ್ಟಿಗೆಯ ಕಡೆಗೆ ನೋಡಿದಳು. ನಡುವೆ ಎಂಟು ಹೆಜ್ಜೆ. ಮೂಗಿನ ನಳಿಕೆ ತೆಗೆದು ಆ ಹೆಂಗಸು ಎಂಟು ಹೆಜ್ಜೆ ನಡೆಯಬಲ್ಲಳೇ? ಸಾಯಬೇಕೆಂದು ನಡೆದಳೇ? ಅಥವಾ ಇದು ಕೂಡ ಈ ಗಟ್ಟಿ ಆಳು ವ್ಯಾನಿನಲ್ಲಿ ಹೊತ್ತು ತಂದ ಇನ್ನೊಂದು ಕ್ಯಾನೇ?

ಮೊದಲು ಮಾತಾಡಿದ್ದು ಮೆಕ್ಯಾನಿಕನ ಹೆಂಡತಿ. ಅವಳು ದನಿ ಏರಿಸಲಿಲ್ಲ.

“ನಿನ್ನೆ ಲಾಕಪ್ಪಲ್ಲಿರೋರ ಮೇಲೆ ಹಾಕಿದ್ರಿ. ಅದು ನಿಲ್ಲಲಿಲ್ಲ ಅಂತ ಆಮೇಲೆ ತಂಗಿ ಮೇಲೆ ಹಾಕಿದ್ರಿ. ಈಗ ಸತ್ತೋರ ಮೇಲೆ.” ಅವಳು ಎಣ್ಣೆಯ ಬಟ್ಟೆಯನ್ನು ಮಡಿಸಿ ಇನ್ಸ್‌ಪೆಕ್ಟರಿನ ಕೈಗೆ ಕೊಟ್ಟಳು. “ಮುಂದಿನದ್ದು ಯಾರು ಯಜಮಾನ್ರೇ? ಉಳಿದಿರೋದು ನೀವೊಬ್ಬರೇ.”